ವೈನಿಯ ಚೀಲದಲ್ಲಿ ಜಾಗ ಇತ್ತು

ನಿಪ್ಪಾಣಿಯ ನಮ್ಮ ಮನೆಯ ಪಡಸಾಲೆಯಲ್ಲಿ ಆ ಸಂಜೆ ನಾಲ್ಕು ಜನ ಇದ್ದೆವು. ಮಂಚದ ಮೇಲೆ ನನ್ನ ಅತ್ತೆ, ಬಾಗಿಲ ಬಳಿಯ ಕುರ್ಚಿಯಲ್ಲಿ ನನ್ನ ಯಜಮಾನರು, ಗೋಡೆಗೊರಗಿ ಕೂತ ವೈನಿ, ಎಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿ, ಮತ್ತು ನಡುವೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತ ನಾನು. ಐದನೆಯದಾಗಿ, ತೊಲೆಗೆ ಕಟ್ಟಿದ ಕೊಕ್ಕೆಯ ತಕ್ಕಡಿಗೆ ನನ್ನ ಚೀಲ ನೇತಾಡುತ್ತಿತ್ತು. ಮಾವನವರು ಬದುಕಿದ್ದಾಗ ವಖಾರದಲ್ಲಿ ತಂಬಾಕು ತೂಗುತ್ತಿದ್ದ ತಕ್ಕಡಿ ಅದು. ಇಂದಿಗೂ ಏನನ್ನು ತೂಗಿದರೂ ಮನೆಯಲ್ಲಿ ಒಂದಿಬ್ಬರು ಸೀನುತ್ತಾರೆ. ಯಜಮಾನರು ಕನ್ನಡಕ ಏರಿಸಿ ಮುಳ್ಳನ್ನು ನೋಡಿ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ "ಹತ್ತೊಂಬತ್ತು" ಎಂದರು. ಅತ್ತೆ ಸೀನಿದರು. ಚೀಲ ಹತ್ತು ಕಿಲೋಗೆ ಇಳಿಯದಿದ್ದರೆ ನಾನು ಹೋಗುವಂತಿರಲಿಲ್ಲ, ಮತ್ತು ಮರುದಿನ ಬೆಳಿಗ್ಗೆಯೇ ಹೊರಡಬೇಕಿತ್ತು.

ಎಲ್ಲಿಗೆ ಎಂದು ಹೇಳಲು ನನಗೆ ಇಂದಿಗೂ ಸ್ವಲ್ಪ ನಾಚಿಕೆ. ಜಗತ್ತು ಸುತ್ತಲು. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಭೂಮಿ ದುಂಡಗಿದೆ, ಪಶ್ಚಿಮಕ್ಕೆ ಮುಖ ಮಾಡಿ ಹೊರಟವರು ನೆಟ್ಟಗೆ ಹೋದರೆ ಪೂರ್ವದ ಕಡೆಯಿಂದ ತಮ್ಮ ಮನೆಗೇ ಬಂದು ಮುಟ್ಟುತ್ತಾರೆ ಎಂದು ಎಷ್ಟು ಮಕ್ಕಳಿಗೆ ಹೇಳಿದೆನೋ. ಆದರೆ ನಾನು ಪಶ್ಚಿಮಕ್ಕೆ ಹೋದದ್ದು ಗೋವೆಯವರೆಗೆ, ಅಲ್ಲಿಂದ ಮರಳಿದ್ದೂ ಹೋದ ದಾರಿಯಲ್ಲೇ. ನಿವೃತ್ತಿಯ ನಂತರ ಈ ಸಂಗತಿ ಹಲ್ಲಿನಲ್ಲಿ ಸಿಕ್ಕ ನಾರಿನಂತೆ ಕಾಡತೊಡಗಿತು. ಯಜಮಾನರಿಗೆ ಹೇಳಿದೆ. "ಭೂಮಿ ದುಂಡಗೈತಿ ಅನ್ನೂದು ನನಗ ಒಪ್ಪಿಗಿ ಐತಿ. ಒಪ್ಪಿದ ಮ್ಯಾಲ ನೋಡಾಕ ಯಾಕ ಹೋಗಬೇಕ? ನನ್ನ ಕಬ್ಬ ಯಾರ ಕಡಸವ್ರು?" ಎಂದರು. ಅಂದು ಚಹಾ ಕುಡಿಯಲು ಬಂದಿದ್ದ ವೈನಿ ಬಸಿಯಲ್ಲಿದ್ದುದನ್ನು ಮುಗಿಸಿ, ಬಸಿ ಕೆಳಗಿಟ್ಟು, "ನಾ ಬರ್ತೇನ್ರಿ ಅಕ್ಕೋರ" ಎಂದರು. ಅಣ್ಣ ಹೋದ ಮೇಲೆ ಅನುಕಂಪದ ನೌಕರಿ ಸಿಕ್ಕು ಚಿಕ್ಕೋಡಿಯ ಕಚೇರಿಯೊಂದರಲ್ಲಿ ಕಡತಗಳ ನಡುವೆ ಆಯುಷ್ಯ ಕಳೆದು, ಅವರೂ ನನ್ನ ಹಿಂದೆಯೇ ನಿವೃತ್ತರಾಗಿದ್ದರು. ನಾಲ್ಕು ತಿಂಗಳು, ಅಗ್ಗದ ಟಿಕೆಟ್ಟು, ಅಗ್ಗದ ಕೋಣೆ, ಬೆನ್ನಿಗೊಂದೇ ಚೀಲ ಎಂದು ಮಾತಾಯಿತು. ನನ್ನ ಬೆನ್ನು ನೋಡುವ ಡಾಕ್ಟರು ಮಾತ್ರ ಹತ್ತು ಕಿಲೋ ದಾಟಿದರೆ ವಿಮಾನದಿಂದ ನೇರ ಸ್ಟ್ರೆಚರಿಗೆ ಎಂದುಬಿಟ್ಟರು. ನನ್ನ ಮಾತನ್ನು ಎಂದೂ ಪೂರ್ತಿ ಕೇಳಿಸಿಕೊಳ್ಳದ ಯಜಮಾನರು ಈ ಮಾತನ್ನು ಕೋರ್ಟಿನ ಆಜ್ಞೆಯಂತೆ ಕಂಠಪಾಠ ಮಾಡಿದರು.

ಚೀಲ ತುಂಬುವುದು ವಯಸ್ಸಾದವರ ಕೆಲಸವಲ್ಲ. ಇಪ್ಪತ್ತರಲ್ಲಿ ನಾವು ಹೋಗುವ ಊರಿಗಾಗಿ ಚೀಲ ತುಂಬುತ್ತೇವೆ. ಅರವತ್ತು ದಾಟಿದ ಮೇಲೆ ಆಗಬಹುದಾದ ಅನಾಹುತಗಳಿಗಾಗಿ ತುಂಬುತ್ತೇವೆ. ಕಾಲು ಉಳುಕಿದರೆ ಇದು, ಹೊಟ್ಟೆ ಕೆಟ್ಟರೆ ಅದು, ಅಲ್ಲೇ ಸತ್ತರೆ ಉಡಿಸಲು ಒಂದು ಒಳ್ಳೆಯ ಸೀರೆ. ಇದು ನಮ್ಮ ವಂಶದಲ್ಲೇ ಬಂದದ್ದು. ಪಾಲಬಾವಿಯ ನನ್ನ ಅಜ್ಜಿ ಐಗಳಿಯ ಮಗಳ ಮನೆಗೆ ಹೊರಟರೆ ಬೀಸುವ ಕಲ್ಲೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಗಾಡಿಗೆ ಹೇರುತ್ತಿದ್ದಳು. ಐಗಳಿಯಲ್ಲೂ ಉಪ್ಪು ಸಿಗುತ್ತದೆ ಎಂದು ಅಜ್ಜ ಹೇಳಿದರೆ "ಸಿಗತೈತಿ, ಆದ್ರ ನಮ್ಮ ಉಪ್ಪಲ್ಲ" ಎನ್ನುತ್ತಿದ್ದಳು. ನಾನು ಅಷ್ಟು ಹಟದವಳಲ್ಲ. ಹೊರಡುವ ಎಷ್ಟೋ ದಿನ ಮೊದಲಿನಿಂದಲೇ ಒಂದೊಂದಾಗಿ ಹೊರಗೆ ತೆಗೆದಿಡುತ್ತ ಬಂದಿದ್ದೆ. ಅಥಣಿಯಿಂದ ತರಿಸಿದ್ದ ಹೊಸ ಚಪ್ಪಲಿ, ದಪ್ಪ ಶಾಲು, ಎರಡನೆಯ ಕನ್ನಡಕ, ಒಳ್ಳೆಯ ಸೀರೆ. ಸತ್ತರೆ ಇದ್ದುದರಲ್ಲೇ ಸುಡಲಿ ಎಂದುಕೊಂಡೆ. ಒಂದೊಂದು ತೆಗೆದಾಗಲೂ ನಾನೇ ಸ್ವಲ್ಪ ಸ್ವಲ್ಪ ಮನೆಯಲ್ಲಿ ಉಳಿಯುತ್ತಿದ್ದೇನೆ ಎನಿಸುತ್ತಿತ್ತು.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂದು ಅತ್ತೆಗೆ ಆಣೆ ಮಾಡಿ ಕೊಟ್ಟಿದ್ದೆ. ಪಶ್ಚಿಮಕ್ಕೆ ಹಾರುವವರಿಗೆ ಸೂರ್ಯ ಬೇಗ ಮುಳುಗುವುದೇ ಇಲ್ಲ, ಆದ್ದರಿಂದ ಊಟಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ ಎಂದು ವಿವರಿಸಿದರೆ ಅವರು, "ಅದಕ್ಕ ಈ ಕಡಿಂದ ಹೊಂಟೀಯೇನು?" ಎಂದರು. ಹೊರಡುವ ಮೊದಲು ಆಶೀರ್ವಾದಕ್ಕೆಂದು ಹತ್ತಿರದ ಬಸದಿಗೆ ಬಂದಿದ್ದ ಮುನಿಗಳನ್ನೂ ಕಂಡೆವು. ಒಂದು ನವಿಲುಗರಿಯ ಪಿಂಛಿ, ಒಂದು ಕಮಂಡಲ, ಅಷ್ಟರಲ್ಲಿ ದೇಶವನ್ನೆಲ್ಲ ಕಾಲಲ್ಲಿ ನಡೆದವರು. ಏನೇನು ಒಯ್ಯುತ್ತೀರಿ ಎಂದು ಕೇಳಿದರು. ನಾನು ಹೇಳತೊಡಗಿದೆ. ಅವರು ಶಾಂತವಾಗಿ ಕೇಳಿದರು. ನಡುವೆ ಒಮ್ಮೆ ಕಣ್ಣು ಮುಚ್ಚಿದರು. ಧ್ಯಾನವೋ ನಿದ್ದೆಯೋ ತಿಳಿಯಲಿಲ್ಲ. ಕೊನೆಗೆ "ಮನೀನ ಒಯ್ಯಾಕತ್ತೀರಿ ತಾಯಿ. ಮತ್ತ ಹೊರಗ ಯಾಕ ಹೋಗ್ತೀರಿ?" ಎಂದರು. ವೈನಿಯನ್ನು ಕೇಳಿದಾಗ ಅವರು ಎರಡು ಸೀರೆ, ಎರಡು ಕುಬಸ, ಒಂದು ಸ್ವೆಟರ್, ಗುಳಿಗೆ, ಸೂಜಿದಾರ ಎಂದು ಒಂದೇ ಉಸಿರಿನಲ್ಲಿ ಮುಗಿಸಿದರು. ಮುನಿಗಳ ಪಿಂಛಿ ಅವರ ತಲೆಯ ಮೇಲೆ ಕೊಂಚ ಹೆಚ್ಚು ಹೊತ್ತು ನಿಂತಿತು ಎಂದು ನನಗೆ ಹೊಟ್ಟೆಕಿಚ್ಚಾಯಿತು.

ಇಷ್ಟೆಲ್ಲ ತೆಗೆದ ಮೇಲೆ ನನ್ನ ಚೀಲ ಒಂದು ದಿನ ಹತ್ತು ಕಿಲೋಗೆ ಇಳಿದೇಬಿಟ್ಟಿತ್ತು. ಅಷ್ಟರಲ್ಲಿ ಉಡಿ ತುಂಬುವುದು ಶುರುವಾಯಿತು. ನಮ್ಮ ಕಡೆ ದೂರ ಹೊರಟ ಮುತ್ತೈದೆಯನ್ನು ಬರಿಗೈಲಿ ಕಳಿಸುವುದಿಲ್ಲ. ಹೇಳಿ ಬರಲು ಹೋದ ಮನೆಯಲ್ಲೆಲ್ಲ ಚಾಪೆ ಹಾಸಿ ಕೂರಿಸಿ, ಕುಂಕುಮ ಹಚ್ಚಿ, ಸೆರಗಿಗೆ ಐದು ಮುಷ್ಟಿ ಅಕ್ಕಿ, ತೆಂಗಿನಕಾಯಿ, ಅರಿಸಿನ ಬೇರು, ಉತ್ತತ್ತಿ, ಕುಬಸಕ್ಕೊಂದು ಖಣ. ತೆಂಗಿನಕಾಯಿಗಳನ್ನು ಮನೆಯಲ್ಲೇ ಒಡೆದು ತಿನ್ನಲು ಅತ್ತೆ ಪರವಾನಗಿ ಕೊಟ್ಟರು. ಅಕ್ಕಿ ಮತ್ತು ಖಣದ ವಿಷಯದಲ್ಲಿ ಒಪ್ಪಲಿಲ್ಲ. "ಉಡಿ ಬಿಟ್ಟ ಹೋದಾಕಿ ತಿರುಗಿ ಬರಂಗಿಲ್ಲವ್ವಾ. ನಾ ಕಂಡದ್ದೈತಿ" ಎಂದರು. ಯಾರನ್ನು ಕಂಡದ್ದು ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಗ್ರಹಣವೆಂದರೆ ನೆರಳು ಮಾತ್ರ ಎಂದು ಕಲಿಸಿದವಳು ನಾನು. ಆದರೆ ಮುಂದೆ ಅಷ್ಟೊಂದು ವಿಮಾನಗಳನ್ನು ಹತ್ತಬೇಕಿತ್ತು. ಹೀಗೆ ಚಿಕ್ಕೋಡಿಯಿಂದ ಬರುವಾಗ ಚೀಲ ಏರಿತು, ರಾಯಬಾಗದಿಂದ ಬರುವಾಗ ಏರಿತು, ಕಾಗವಾಡದ ನಾದಿನಿಯಂತೂ ಅಕ್ಕಿಯ ಬದಲು ಗೋಧಿ ತುಂಬಿದಳು. ಕೊಟ್ಟವರೆಲ್ಲ ನನ್ನ ಒಳ್ಳೆಯದನ್ನೇ ಬಯಸುತ್ತಿದ್ದರು. ಒಬ್ಬರಾದರೂ ಕೆಟ್ಟದ್ದು ಬಯಸಿದ್ದರೆ ಅರ್ಧ ಕಿಲೋ ಉಳಿಯುತ್ತಿತ್ತು.

ಈ ಎಲ್ಲ ಮನೆಗಳಿಗೂ ವೈನಿ ನನ್ನ ಜೊತೆ ಬರುತ್ತಿದ್ದರು, ಆದರೆ ಅವರ ಚೀಲ ಆರು ಕಿಲೋದಿಂದ ಅಲುಗಲಿಲ್ಲ. ಅದನ್ನು ನಾನು ಕಂಡಕಂಡಲ್ಲಿ ಹೊಗಳಿದೆ. ಚೀಲ ತುಂಬುವುದನ್ನು ನಮ್ಮ ವೈನಿಯ ಹತ್ತಿರ ಕಲಿಯಬೇಕು ಎಂದು ಅವರ ಎದುರಿಗೇ ಹತ್ತು ಜನರಿಗೆ ಹೇಳಿದೆ. ಯುಕ್ತಿ ಏನೆಂದು ಕೇಳಿದರೆ ವೈನಿ, "ಯುಕ್ತಿ ಎಲ್ಲೀದರಿ ಅಕ್ಕೋರ. ನನ್ನ ಚೀಲ ನನ್ನ ಮಾತ ಕೇಳತೈತಿ" ಎನ್ನುತ್ತಿದ್ದರು. ಅವರಿಗೊಂದು ಹುಚ್ಚಿದೆ ಎಂದೂ ನಾನು ತಿಳಿದಿದ್ದೆ: ಹಿತ್ತಲು ನೋಡುವ ಹುಚ್ಚು. ಯಾರ ಮನೆಗೆ ಹೋದರೂ ಚಹಾ ಮುಗಿಯುತ್ತಲೇ ಎದ್ದು ಹಿತ್ತಲಿಗೆ ಹೋಗುವರು. ಯಾರ ನುಗ್ಗೆ ಕಾಯಿ ಬಿಟ್ಟಿದೆ, ಯಾರ ಕರಿಬೇವಿಗೆ ರೋಗ, ಎಲ್ಲ ಅವರಿಗೆ ಗೊತ್ತು. ನಾಲ್ಕು ತಾಲೂಕಿನ ಹಿತ್ತಲುಗಳ ಮೇಲೆ ಅವರು ಪುಸ್ತಕ ಬರೆಯಬಹುದು ಎಂದು ನಾನು ತಮಾಷೆ ಮಾಡುತ್ತಿದ್ದೆ.

ಕೊನೆಗೆ ಹೋದದ್ದು ಭೋಜದ ನನ್ನ ಕಾಕಿಯ ಮನೆಗೆ. ಹಳೆ ಮನೆ ಕೆಡವಿ, ಇದ್ದ ಜಾಗವನ್ನೆಲ್ಲ ಬಳಸಿ ಹೊಸದು ಕಟ್ಟಿಸಿದ್ದಾರೆ. ಚಹಾ ಆಯಿತು. ಕಾಕಿ ಚಾಪೆ ಹಾಸಿ, ತಟ್ಟೆ ತಂದು, "ಬಾರವಾ, ಮೂಡಲಕ್ಕ ಮಾರಿ ಮಾಡಿ ಕುಂದ್ರು" ಎಂದಳು. ವೈನಿ ಎದ್ದರು. ಅಡುಗೆಮನೆ ದಾಟಿ ಹೋದರು. ನಾನು ಸೆರಗು ಒಡ್ಡಿ ಕೂತವಳು ಸುಮ್ಮನೆ ಆ ಕಡೆ ನೋಡುತ್ತಿದ್ದೆ. ಕಾಕಿಯ ಹೊಸ ಮನೆಗೆ ಹಿತ್ತಲೇ ಇರಲಿಲ್ಲ. ಹಿತ್ತಲ ಬಾಗಿಲು ಇರಬೇಕಾದಲ್ಲಿ ಬಿಳಿ ಗೋಡೆ. ವೈನಿ ಆ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಪಕ್ಕದ ಬಚ್ಚಲಿಗೆ ಹೋಗಿ ಬಾಗಿಲು ಮುಂದೆ ಮಾಡಿ ನಳ ಬಿಟ್ಟರು. ಕಾಕಿ ಅಕ್ಕಿ ಹಾಕಿದಳು, ಖಣ ಇಟ್ಟಳು, ಕುಂಕುಮ ಹಚ್ಚಿದಳು. ಅಲ್ಲಿಯವರೆಗೆ ನೀರು ಬೀಳುತ್ತಲೇ ಇತ್ತು. ತಟ್ಟೆ ಒಳಗೆ ಹೋದ ಮೇಲೆ ನಳ ನಿಂತಿತು.

ಗಂಡ ಇಲ್ಲದವಳಿಗೆ ಉಡಿ ತುಂಬುವುದಿಲ್ಲ ಎಂಬುದು ನನಗೆ ಗೊತ್ತಿರದ ಸಂಗತಿಯೇನಲ್ಲ. ಹುಟ್ಟಿದಾಗಿನಿಂದ ಗೊತ್ತು. ಆದರೆ ಅದು ಯಾರೂ ಯಾರಿಗೂ ಹೇಳದೆ ನಡೆಯುವುದರಿಂದ, ನಾನು ಅದನ್ನು ಹಿತ್ತಲ ಹುಚ್ಚು ಎಂದು ಕರೆದು ಇಷ್ಟು ವರ್ಷ ಹಾಯಾಗಿದ್ದೆ. ಮರಳುವಾಗ ಬಸ್ಸಿನಲ್ಲಿ ಉಡಿಯ ಗಂಟನ್ನು ಸೀಟಿನ ಕೆಳಗೆ ಸರಿಸಿ ಕೂತೆ. ವೈನಿಯೇ, "ಕಾಕಿ ಮನ್ಯಾಗ ನಳಕ್ಕ ನೀರ ಭಾಳ ಜೋರ ಬರತೈತ್ರಿ" ಎಂದರು. ನಾನು ಹೌದು ಎಂದೆ.

ಆ ಸಂಜೆಯೇ ಚೀಲ ತಕ್ಕಡಿಗೆ ಏರಿ ಹತ್ತೊಂಬತ್ತು ತೋರಿಸಿದ್ದು. ಯಜಮಾನರು ನನ್ನ ಮುಖ ನೋಡಿ, "ಬ್ಯಾಡ ಬಿಡು. ಭೂಮಿ ಎಲ್ಲಿ ಓಡಿ ಹೋಗತೈತಿ" ಎಂದರು. ಸಮಾಧಾನಕ್ಕೆ ಹೇಳಿದ್ದೇ ಇರಬೇಕು, ಆದರೆ ದನಿಯಲ್ಲಿ ಬಿಸಿ ಭಕ್ಕರಿಯ ಆಸೆ ಕೇಳಿಸಿತು. ಅಕ್ಕಿ ತೆಗೆಯಲು ಅತ್ತೆ ಬಿಡರು, ಗುಳಿಗೆ ತೆಗೆಯಲು ನಾನು ಬಿಡೆ. ಆಗ ವೈನಿ ಗೋಡೆ ಬಿಟ್ಟು ಎದ್ದರು. ನನ್ನ ಚೀಲವನ್ನು ಇಳಿಸಿ, ಬಿಚ್ಚಿ, ಅಕ್ಕಿಯ ಗಂಟುಗಳನ್ನೂ ಖಣಗಳನ್ನೂ ಒಂದೊಂದಾಗಿ ತೆಗೆದು ತಮ್ಮ ಚೀಲದಲ್ಲಿ ಇಡತೊಡಗಿದರು. "ಇಲ್ಲೆ ಜಾಗಾ ಐತ್ರಿ ಅಕ್ಕೋರ" ಎಂದರು. ಮುತ್ತೈದೆಯ ಉಡಿ ಅವರ ಚೀಲದಲ್ಲಿ. ಯಜಮಾನರು ತಾಯಿಯ ಕಡೆ ನೋಡಿದರು. ಅತ್ತೆಯೂ ಮಾವನವರು ಹೋದಂದಿನಿಂದ ಉಡಿಯ ತಟ್ಟೆ ಮುಟ್ಟಿದವರಲ್ಲ. ಮಂಚದ ಮೇಲಿಂದ ಬಾಯಿಮಾತಿನಲ್ಲೇ ಎಲ್ಲ ನಡೆಸುವವರು. ಅವರು ಗೋಡೆಯ ಕಡೆ ಹೊರಳಿ, "ಚೀಲಕ್ಕೇನ ತಿಳೀತೈತಿ" ಎಂದರು. ತೂಗಿದರೆ ನನ್ನದು ಹತ್ತು, ವೈನಿಯದು ಹದಿನೈದು. ಅವರ ಬೆನ್ನಿನ ಬಗ್ಗೆ ಯಾವ ಡಾಕ್ಟರೂ ಏನೂ ಹೇಳಿರಲಿಲ್ಲ, ಏಕೆಂದರೆ ಅವರು ಯಾರಿಗೂ ತೋರಿಸಿರಲಿಲ್ಲ.

ಹಾಗೆ ನಾವು ಹೋದೆವು. ಜಗತ್ತಿನ ಬಗ್ಗೆ ಬೇರೆಯವರು ಬರೆದಿದ್ದಾರೆ. ಅದು ದೊಡ್ಡದಿದೆ, ಮೆಟ್ಟಿಲುಗಳು ಬಹಳ. ಕೋಣೆಯಲ್ಲಿ ಅನ್ನ ಮಾಡಿಕೊಂಡು ಉಡಿಯಕ್ಕಿ ಇಸ್ತಾಂಬುಲ್‌ನಲ್ಲೇ ಅರ್ಧ ಖರ್ಚಾಯಿತು. ಅಲ್ಲಿ ಮಳೆ ಹಿಡಿದು ಕೂತಿತ್ತು, ವೈನಿಯ ಎರಡು ಕುಬಸಗಳಲ್ಲಿ ಒಂದೂ ಒಣಗುತ್ತಿರಲಿಲ್ಲ. "ಒಂದ ಖಣ ತಗೊಳ್ಳಲ್ರಿ?" ಎಂದು ಕೇಳಿದರು. ಭೋಜದ ಕಾಕಿ ಕೊಟ್ಟದ್ದು, ಹಸಿರು, ಕೆಂಪು ಅಂಚು. ಕಿಟಕಿಯ ಬಳಿ ಕೂತು ಕೈಯಲ್ಲೇ ಹೊಲಿದು ಹಾಕಿಕೊಂಡರು. ಅಣ್ಣ ಹೋದ ಮೇಲೆ ಅವರನ್ನು ಬೂದಿ, ಬಿಳಿ, ಕಂದು ಬಣ್ಣಗಳಲ್ಲೇ ಕಂಡವಳು ನಾನು. "ಒಣಗೂತನಾ ಅಷ್ಟ" ಎಂದರು. ಮುಂದೆ ಸಿಕ್ಕ ದೇಶಗಳಲ್ಲಿ ಬಿಸಿಲು ಚೆನ್ನಾಗಿತ್ತು, ಹಳೆಯವೆರಡೂ ಒಣಗಿ ಚೀಲದ ತಳದಲ್ಲಿದ್ದವು. ನಾನು ನೆನಪಿಸಲಿಲ್ಲ. ನನ್ನ ಫೋನಿನ ಎಲ್ಲ ಚಿತ್ರಗಳಲ್ಲೂ ವೈನಿ ಹಸಿರು ಕುಬಸದಲ್ಲೇ ಇದ್ದಾರೆ. ಹಿಂದೆ ಒಮ್ಮೆ ಸಮುದ್ರ, ಒಮ್ಮೆ ಹಿಮ.

ಪಶ್ಚಿಮಕ್ಕೆ ಹೋದವರು ಪೂರ್ವದಿಂದ ಬಂದೆವು. ಭೂಮಿ ದುಂಡಗೇ ಇದೆ. ಕೊನೆಯ ಬಸ್ಸು ಬದಲಿಸಲು ಕೊಲ್ಲಾಪುರದಲ್ಲಿ ಇಳಿದಾಗ ವೈನಿ, ಚೀಲ ನೋಡಿಕೊಳ್ಳಿ ಎಂದು ಹೆಂಗಸರ ಕೋಣೆಗೆ ಹೋದರು. ಬರುವಾಗ ಮೈಮೇಲೆ ಬೂದಿ ಬಣ್ಣದ ಕುಬಸವಿತ್ತು. ಹಸಿರು ಕುಬಸವನ್ನು ಮಡಿಚಿ ನನ್ನ ಚೀಲದಲ್ಲಿಟ್ಟು, "ನಿಮ್ಮ ಉಡೀದರಿ ಇದು" ಎಂದರು. ನಿಪ್ಪಾಣಿ ಬರುವವರೆಗೂ ಆ ಚೀಲ ನನ್ನ ತೊಡೆಯ ಮೇಲಿತ್ತು. ಆ ಕುಬಸವೊಂದನ್ನೇ ತಕ್ಕಡಿಗೆ ಹಾಕಿದ್ದರೆ ಮುಳ್ಳು ಅಲುಗುತ್ತಿರಲಿಲ್ಲ ಎಂಬುದು ಗೊತ್ತು.

ಮನೆ ಮುಟ್ಟಿ ಕೈಕಾಲು ತೊಳೆಯುವಷ್ಟರಲ್ಲಿ ನೆರೆಮನೆಯಾಕೆ ತಟ್ಟೆ ಹಿಡಿದು ಬಂದಳು. ದೂರದಿಂದ ಬಂದ ಮುತ್ತೈದೆಗೂ ಉಡಿ ತುಂಬಬೇಕಂತೆ. ಚಾಪೆ ಹಾಸಿದಳು. ವೈನಿ ಎದ್ದು ಹಿತ್ತಲಿಗೆ ಹೋದರು. ನಾನು ನೆರೆಮನೆಯಾಕೆಗೆ "ತಡೀರಿ, ಬಂದೆ" ಎಂದು ಹೇಳಿ ಅವರ ಹಿಂದೆಯೇ ಹೋದೆ. ನಮ್ಮ ಹಿತ್ತಲಲ್ಲಿ ಒಂದು ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ.

"ಏನ ನೋಡಾಕತ್ತೀರಿ ವೈನಿ?" ಎಂದೆ.

"ಕರಿಬೇವ ಚಿಗತೈತಿ" ಎಂದರು.

ಚಿಗುರಿರಲಿಲ್ಲ. ಇಬ್ಬರೂ ನಿಂತು ಅದನ್ನೇ ನೋಡಿದೆವು. ಒಳಗಿನಿಂದ ನೆರೆಮನೆಯಾಕೆ ಮತ್ತೊಮ್ಮೆ ಕರೆದಳು.

"ಹೋಗ್ರಿ ಅಕ್ಕೋರ, ಆಕಿ ತಟ್ಟಿ ಹಿಡಕೊಂಡ ನಿಂತಾಳ" ಎಂದರು ವೈನಿ.

ನಾನು ಹೋದೆ.