ಊಟ ಪುಕ್ಕಟೆ, ಸಂಬಳ ಎಲ್ಲಿ?

ಚಿತ್ರದುರ್ಗದ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲಿನಲ್ಲಿ ನಾನು ಗಲ್ಲಾ ಮೇಲೆ ಕೂರುವವನು. ನಮ್ಮಲ್ಲಿ ಕೆಲಸ ಮಾಡುವವರಿಗೆ ತಿಂಡಿ, ಊಟ, ಕಾಫಿ ಎಲ್ಲ ಪುಕ್ಕಟೆ. ಬೇಕಾದವರಿಗೆ ಮಹಡಿ ಮೇಲೆ ಮಲಗೋಕೆ ರೂಮೂ ಇದೆ. ಹಾಗಿದ್ದೂ ತಿಂಗಳ ನಡುವಿಗೇ ಎಲ್ಲರ ಜೇಬು ಖಾಲಿ. ಇವರ ದುಡ್ಡು ಎಲ್ಲಿಗೆ ಹೋಗುತ್ತಪ್ಪಾ ಅನ್ನೋ ಕುತೂಹಲ ನನ್ನನ್ನು ಬಿಟ್ಟಿದ್ದೇ ಇಲ್ಲ. ಕೆದಕಿದಾಗೆಲ್ಲ ಒಂದೊಂದು ಕಥೆ ಎದ್ದು ಬರುತ್ತೆ.

ಮದುವೆಗೆ ಮುಂಚೆ

ನಮ್ಮ ಸಪ್ಲೈಯರ್ ಒಬ್ಬನಿದ್ದಾನೆ, ಹೊಸದುರ್ಗದ ಕಡೆಯವನು, ಇನ್ನೂ ಮದುವೆಯಾಗಿಲ್ಲ. ಮಂಗಳವಾರ ಅವನಿಗೆ ರಜೆ. ಅವತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸೆಂಟು ಬಡಿದುಕೊಂಡು, ರಸ್ತೆ ದಾಟಿ ಎದುರು ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂತಾನೆ. ಅದೂ ದುಡ್ಡು ಕೊಟ್ಟು!

ಒಂದಿನ ತಡೆದು ನಿಲ್ಲಿಸಿ ಕೇಳಿದೆ. "ಲೇ, ನಮ್ಮಲ್ಲಿ ದೋಸೆ ಇಲ್ಲೇನಲೇ? ಪುಕ್ಕಟೆ ಐತಲ್ಲ?"

"ದೋಸೆಗೆ ಯಾರು ಹೋಗ್ತಾರೆ ಬಿಡಣ್ಣ. ವಾರವೆಲ್ಲ ನಾನು 'ಏನ್ ಕೊಡ್ಲಿ ಸಾರ್' ಅಂತೀನಿ. ಒಂದಿನ ನನ್ನೂ ಯಾರಾದ್ರೂ ಕೇಳ್ಲಿ ಅಂತ. ಚಟ್ನಿ ಸಾಲ್ದು ಅಂತ ಜೋರು ಮಾಡಿ, ಬರುವಾಗ ಅಲ್ಲಿನ ಸಪ್ಲೈಯರ್‌ಗೆ ಇಪ್ಪತ್ತು ರೂಪಾಯಿ ಟಿಪ್ಸ್ ಇಟ್ಟು ಬರ್ತೀನಿ."

"ಇಪ್ಪತ್ತಾ! ದೊಡ್ಡ ಧಣಿ ಕಣೋ ನೀನು."

"ನಷ್ಟ ಏನಿಲ್ಲಣ್ಣ. ಶುಕ್ರವಾರ ಅವನಿಗೆ ರಜೆ. ಇಲ್ಲಿಗೆ ಬಂದು ನನಗೇ ಇಡ್ತಾನೆ."

ಆಮೇಲೆ ಗಮನಿಸಿದೆ. ಮೂಲೆ ಹರಿದ ಅದೇ ನೋಟು ವಾರಕ್ಕೆರಡು ಸಲ ರಸ್ತೆ ದಾಟುತ್ತಿದೆ. ಬೇರೆ ಎಲ್ಲಿ ಕೊಟ್ಟರೂ ಅದನ್ನ ಯಾರೂ ತಗೊಳ್ಳಲ್ಲವಂತೆ!

ಮದುವೆಯಾದ ಮೇಲೆ

ದೋಸೆ ಮಾಸ್ಟರ್ ಹಿರಿಯೂರಿನವನು. ಹೆಂಡತಿ ಉಳಿತಾಯದಲ್ಲಿ ಗಟ್ಟಿಗಿತ್ತಿ. ತಿಂಗಳ ಸಾಮಾನು ಒಂದೇ ಸಲ ತಂದು, ಅಳೆದು ತೂಗಿ ಸಂಸಾರ ಮಾಡುವವಳು. ಒಂದು ಭಾನುವಾರ ಅವಳಿಗೆ ಜ್ವರ. "ಇವತ್ತೊಂದಿನ ನೀವೇ ಉಪ್ಪಿಟ್ಟು ಮಾಡ್ರಿ" ಅಂದಳಂತೆ.

ಇವನು ಹುರುಪಿನಿಂದ ಒಲೆ ಹಚ್ಚಿದ. ಮನೆಯಲ್ಲಿದ್ದ ರವೆ, ಎಣ್ಣೆ, ಈರುಳ್ಳಿ ಎಲ್ಲ ಮುಗಿಯಿತು. ಪಾತ್ರೆ ಸಾಲದೆ ಸ್ನಾನದ ನೀರಿನ ಹಂಡೆಯನ್ನೇ ತೊಳೆದು ತಂದ. ಅವತ್ತು ಇಡೀ ಬೀದಿಗೆ ಇವರ ಮನೆಯ ತಿಂಡಿ.

"ನಾನೇನ್ ಮಾಡ್ಲಣ್ಣ? ಐವತ್ತು ಪ್ಲೇಟಿಗೆ ಕಮ್ಮಿ ಉಪ್ಪಿಟ್ಟು ನನ್ನ ಕೈಗೆ ಬರಾದೇ ಇಲ್ಲ" ಅಂತ ಮುಖ ಸಣ್ಣ ಮಾಡಿದ.

ಈಗ ಅವಳಿಗೆ ಜ್ವರ ಬಂದರೆ ಹೋಟೆಲಿಂದ ಪಾರ್ಸಲ್ ತರಿಸುತ್ತಾಳೆ. ಅದೇ ಅಗ್ಗವಂತೆ.

ತಲೆ ನರೆತ ಮೇಲೆ

ನಮ್ಮ ಅಡುಗೆಮನೆಯ ಹಿರಿಯರನ್ನು ಎಲ್ಲರೂ ದೊಡ್ಡ ಮಾಸ್ಟ್ರು ಅಂತಿದ್ದೆವು. ಬೀಡಿ ಇಲ್ಲ, ಸಿನಿಮಾ ಇಲ್ಲ, ಹಬ್ಬಕ್ಕೊಂದು ಹೊಸ ಪಂಚೆಯೂ ಇಲ್ಲ. ಇದ್ದದ್ದು ಒಂದೇ ಆಸೆ, ಸ್ವಂತ ಹೋಟೆಲು. ಹೋದ ವರ್ಷ ಹೊಳಲ್ಕೆರೆಯಲ್ಲಿ ಇಟ್ಟೇಬಿಟ್ಟರು. ಅಡುಗೆಗೆ ತಾವು, ಗಲ್ಲಾ ಮೇಲೆ ಹೆಂಡತಿ. ಆಯುಷ್ಯದ ಉಳಿತಾಯವೆಲ್ಲ ಅದಕ್ಕೇ ಸುರಿದರು. ಅದೇನಾದರೂ ಮುಳುಗಿದರೆ ಕೈಯಲ್ಲಿ ಉಳಿಯೋದು ಸೌಟು ಮಾತ್ರ.

ತಿಂಗಳು ಕಳೆದಿತ್ತು. ಒಂದು ಬೆಳಗ್ಗೆ ನೋಡ್ತೀನಿ, ಮಾಸ್ಟ್ರು ಬಟ್ಟೆ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಗಲ್ಲಾ ಬಿಟ್ಟು ಎದ್ದು ಓಡಿದೆ.

"ಅಯ್ಯೋ, ಮುಚ್ಚಿಬಿಟ್ರಾ ಮಾಸ್ಟ್ರೇ?"

"ಯಾಕ್ ಮುಚ್ಚಾಣ? ಕುಂತ್ಕಳಾಕೆ ಜಾಗ ಇಲ್ಲ, ಅಷ್ಟು ಜನ! ಅದಿರ್ಲಿ, ಇಲ್ಲೊಂದು ಕೆಲಸ ಐತೇನಪ್ಪ?"

"ಯಾರಿಗೆ?"

"ನನಗೇ."

ಕೂರಿಸಿ, ಕಾಫಿ ಕೊಟ್ಟು ವಿಚಾರಿಸಿದೆ. ಹಿಂದಿನ ದಿನ ಮಾಸ್ಟ್ರು ಹಳೇ ಅಭ್ಯಾಸದಂತೆ ಗಲ್ಲಾ ಮುಂದೆ ನಿಂತು, ತಲೆ ಕೆರೆದುಕೊಂಡು, "ಒಂಚೂರು ಅಡ್ವಾನ್ಸ್ ಬೇಕಾಗಿತ್ತು" ಅಂದಿದ್ದಾರೆ. ಹೆಂಡತಿ ತಲೆ ಎತ್ತದೆ, "ಮೊನ್ನೆ ತಾನೆ ಕೊಟ್ನಲ್ರಿ. ಮೊದ್ಲು ಹೋಗಿ ವಡೆ ನೋಡ್ರಿ, ಸೀದೀತು" ಅಂದಿದ್ದಾರೆ. ಅಡುಗೆಯವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ. ಅಡ್ವಾನ್ಸ್ ಇಲ್ಲ ಅಂದರೆ ಸೌಟು ಇಟ್ಟು, ಚೀಲ ಎತ್ತಿಕೊಂಡು ಬೇರೆ ಹೋಟೆಲಿಗೆ ನಡೆಯೋದು ಈ ಕಸುಬಿನ ಪದ್ಧತಿ. ಮಾಸ್ಟ್ರು ಪದ್ಧತಿ ಬಿಡಲಿಲ್ಲ, ಬೆಳಗಿನ ಬಸ್ಸೇ ಹತ್ತಿದ್ದಾರೆ.

"ಅಲ್ರೀ ಮಾಸ್ಟ್ರೇ, ಹೋಟ್ಲು ನಿಮ್ದೇ ಅಲ್ವೇನ್ರೀ!"

ಮಾಸ್ಟ್ರು ಟವೆಲಿನಲ್ಲಿ ಮುಖ ಒರೆಸಿಕೊಂಡು, ಅತ್ತ ಇತ್ತ ನೋಡಿ, ಮೆಲ್ಲಗೆ ಅಂದರು:

"ಹೋಟ್ಲೇನೋ ನಂದೇ ಕಣಪ್ಪ. ಓನರ್ ಸರಿ ಇಲ್ಲ."