ಫಲಕ ಪಡೆದ ಗೇಟಿಗೆ, ಅಡುಗೆಮನೆಯ ವೈರ್‌ಲೆಸ್ ಕಡೆಯಿಂದ

ಮಾನ್ಯ ಮುಖ್ಯ ಗೇಟಿನವರೇ,

ತಮಗೆ ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ಹಾಸ್ಟೆಲಿನಲ್ಲಿ ಬೆಳೆದವಳು ನಾನು; ಕನ್ನಡದಲ್ಲಿ ಹೊಟ್ಟೆನೋವಿನ ರಜಾ ಅರ್ಜಿ ಬಿಟ್ಟರೆ ಬೇರೇನೂ ಬರೆದ ಅಭ್ಯಾಸವಿಲ್ಲ. ಗೇಟಿಗೆ ಬರೆಯುವಾಗ ‘ಮಾನ್ಯರೇ’ ಅಂದರೆ ಜಾಸ್ತಿಯಾಯಿತೋ, ಕಡಿಮೆಯಾಯಿತೋ ಎಂಬ ಟೆನ್ಶನ್‌ನಲ್ಲಿ ಎರಡು ಹಾಳೆ ಹರಿದುಹಾಕಿದ್ದೇನೆ. ಆದರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಂಘದ ಫಲಕ ಪಡೆದಿರುವವರು ತಾವೊಬ್ಬರೇ ಆದ್ದರಿಂದ ಮಾನ್ಯರೆನ್ನದೆ ಗತ್ಯಂತರವಿಲ್ಲ.

ಆ ಫಲಕಕ್ಕಾಗಿ ಹೃತ್ಪೂರ್ವಕ ಅಭಿನಂದನೆಗಳು. ‘ತುರ್ತು ಸಂದರ್ಭದಲ್ಲಿ ತಾನಾಗಿಯೇ ತೆರೆದುಕೊಂಡು ಜೀವ ಉಳಿಸಿದ ಸೇವೆಗಾಗಿ’ ಎಂದು ಹಿತ್ತಾಳೆಯಲ್ಲಿ ಕೊರೆಸಿ, ಸಂಘದ ಕಾರ್ಯದರ್ಶಿಗಳು ತಮ್ಮ ಕಂಬಕ್ಕೆ ಸ್ವತಃ ಸ್ಕ್ರೂ ತಿರುಗಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಅದೇ ದಿನದ ಸಂಘದ ಸಭೆಯಲ್ಲಿ ನಮ್ಮ ದೊಡ್ಡಪ್ಪನ ಕೈಗೂ ಒಂದು ಕಾಗದ ಸಿಕ್ಕಿತು. ಬರುವ ಭಾನುವಾರದೊಳಗೆ ಹಿಂಬದಿಯ ಶೆಡ್ಡಿನಿಂದ ವೈರ್‌ಲೆಸ್ ಸೆಟ್ಟನ್ನೂ ಅಡುಗೆಮನೆಯಲ್ಲಿರುವ ಅದರ ಜೋಡಿಯನ್ನೂ ತೆಗೆಯಬೇಕು, ಇಲ್ಲವಾದರೆ ಶೆಡ್ಡಿಗೇ ಬೀಗ, ಎಂದು ಅದರಲ್ಲಿತ್ತು. ಒಂದೇ ಕೆಲಸಕ್ಕೆ ತಮಗೆ ಹಿತ್ತಾಳೆ, ನಮಗೆ ನೋಟೀಸು. ಇದು ಹೇಗೆ ಎಂದು ವಿವರಿಸಲು ತಮ್ಮ ಅಮೂಲ್ಯ ಸಮಯವನ್ನು ಸ್ವಲ್ಪ ತೆಗೆದುಕೊಳ್ಳುತ್ತೇನೆ. ತಾವು ಹೇಗಿದ್ದರೂ ನಿಂತೇ ಇರುತ್ತೀರಿ.

ನಮ್ಮ ದೊಡ್ಡಪ್ಪ ಆಂಬುಲೆನ್ಸ್‌ಗಳ ವೈರ್‌ಲೆಸ್ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಶೆಡ್ಡಿನಲ್ಲಿರುವ ಗುಂಡು ಮೂತಿಯ ಹಳೆಯ ಆಂಬುಲೆನ್ಸನ್ನು ಗುಜರಿಯವನಿಂದ ಬಿಡಿಸಿಕೊಂಡು ಬಂದದ್ದು ಅವರೇ. ಗಾಡಿಯ ಮೈಗೆ ಬಣ್ಣ ಹೊಡೆಯಲು ಯಾರಾದರೂ ಸಿಗುತ್ತಾರೆ. ಒಳಗಿನ ವೈರ್‌ಲೆಸ್ ಮಾತಾಡುವಂತೆ ಮಾಡಲು ಈಗ ಯಾರೂ ಸಿಗುವುದಿಲ್ಲ. ಡ್ರೈವರ್ ಸೀಟಿನ ಕೆಳಗೆ ಒಂದು ಪೆಟ್ಟಿಗೆ ಮಾತಾಡುವುದಕ್ಕೆ, ಇನ್ನೊಂದು ಕೇಳುವುದಕ್ಕೆ. ಒಳಗೆ ಬೆಚ್ಚಗಾಗದೆ ಬಾಯಿಬಿಡದ ಗಾಜಿನ ವಾಲ್ವುಗಳು. ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ವೈರಿನ ಮೈಕು. ಹಳೆಯ ವಾಹನಗಳ ಮ್ಯೂಸಿಯಮ್ಮಿನವರು ಈ ಗಾಡಿಗೆ ಜಾಗ ಕೊಡುತ್ತೇವೆ ಎಂದಿದ್ದಾರೆ, ಆದರೆ ಎಲ್ಲವೂ ಕೆಲಸ ಮಾಡಬೇಕು. ವೈರ್‌ಲೆಸ್ ಆಗದಿದ್ದರೆ ಒಳಗೊಂದು ಸ್ಪೀಕರ್ ಇಟ್ಟು ರೆಕಾರ್ಡಿಂಗ್ ಹಾಕೋಣ ಎಂದು ಅವರು ಹೇಳಿದಾಗ ದೊಡ್ಡಪ್ಪ, “ಹಾಗಿದ್ರೆ ರೋಗಿ ಜಾಗದಲ್ಲಿ ಒಂದು ದಿಂಬು ಮಲಗ್ಸಿ” ಎಂದುಬಿಟ್ಟರು. ಮುಂದಿನ ವಾರ ಮ್ಯೂಸಿಯಮ್ಮಿನವರು ನೋಡಲು ಬರುತ್ತಾರೆ. ಅಷ್ಟರಲ್ಲಿ ಸೆಟ್ಟು ಹೋದರೆ ಗಾಡಿ ಮತ್ತೆ ಗುಜರಿಗೆ. ದೊಡ್ಡಪ್ಪನೂ ಅರ್ಧ ಗುಜರಿಗೆ ಹೋದ ಹಾಗೆಯೇ.

ಈಗ ತಮ್ಮ ವಿಷಯಕ್ಕೆ ಬರುತ್ತೇನೆ. ಗಾಡಿಯ ಸೆಟ್ಟಿನಲ್ಲಿ ಮಾತಾಡುವ ಪೆಟ್ಟಿಗೆ ಮಾತ್ರ ರೆಡಿಯಾಗಿತ್ತು, ಕೇಳುವ ಪೆಟ್ಟಿಗೆ ಇನ್ನೂ ಮೇಜಿನ ಮೇಲೆ ಕರುಳು ಬಿಚ್ಚಿಕೊಂಡು ಮಲಗಿತ್ತು. ಅದಕ್ಕೇ ಜೋಡಿಯಾದ ಇನ್ನೊಂದು ಹಳೆಯ ಸೆಟ್ಟನ್ನು ನಮ್ಮ ಅಡುಗೆಮನೆಯಲ್ಲಿ, ಮಿಕ್ಸಿ ಪಕ್ಕದಲ್ಲಿಟ್ಟು, ದೊಡ್ಡಮ್ಮನನ್ನು ಅದರ ಮುಂದೆ ಕೂರಿಸಿದ್ದರು. ದೊಡ್ಡಪ್ಪ ಶೆಡ್ಡಿನಿಂದ ಮಾತಾಡುವುದು, ಅದು ಕೇಳಿಸಿದರೆ ದೊಡ್ಡಮ್ಮ ಹಿಂಬಾಗಿಲಿನಿಂದ ಕೂಗುವುದು, ಇಷ್ಟೇ ಏರ್ಪಾಡು. ದಿನವೂ “ಹಲೋ ಅಡುಗೆಮನೆ, ಹಲೋ ಅಡುಗೆಮನೆ” ಎಂದು ದೊಡ್ಡಪ್ಪನ ಗಂಟಲು ಒಣಗಿತೇ ಹೊರತು ಹಿಂಬಾಗಿಲಿನಿಂದ ಕೂಗು ಬರಲಿಲ್ಲ. ಅವರು ಕಂಡೆನ್ಸರ್ ಬದಲಾಯಿಸಿದರು, ವಾಲ್ವು ಬದಲಾಯಿಸಿದರು, ಏರಿಯಲ್ ಬಿಚ್ಚಿ ಕಟ್ಟಿದರು, ಸರಿಯಿದ್ದ ಬೆಸುಗೆಯನ್ನೆಲ್ಲ ಕರಗಿಸಿ ಮತ್ತೆ ಹಾಕಿದರು. “ನನ್ನ ಕೈಯೇ ಹೋಯ್ತೇನೋ ಪುಟ್ಟಿ” ಎಂದು ನನ್ನನ್ನು ಕೇಳಿದರು. ನಾನು ಮೊದಲ ವರ್ಷದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿ. ನಮ್ಮ ಸಿಲೆಬಸ್ಸಿನಲ್ಲಿ ವಾಲ್ವು ಇಲ್ಲ, ಸಮಾಧಾನವೂ ಇಲ್ಲ. ಸುಮ್ಮನೆ ಟಾರ್ಚ್ ಹಿಡಿದುಕೊಂಡೆ.

ಇದೇ ದಿನಗಳಲ್ಲಿ ತಾವು ಹಗಲು ಹೊತ್ತಿನಲ್ಲಿ ಯಾರೂ ಕೇಳದೆ ತೆರೆದುಕೊಂಡು, ಮನಸ್ಸು ಬಂದಾಗ ಮುಚ್ಚಿಕೊಳ್ಳತೊಡಗಿದಿರಿ. ಬೀದಿ ನಾಯಿಯೊಂದು ಬಂದು ಲಿಫ್ಟಿನ ಮುಂದೆ ಕಾಯಂ ನಿವಾಸಿಯಾಯಿತು. ಪೇಪರ್ ಮಾರುವವನು ನೇರ ಮೂರನೇ ಮಹಡಿಗೇ ಹೋಗಿ ಬೆಲ್ ಒತ್ತಿದ. ಸೆಕ್ಯುರಿಟಿಯವರು ಹೆದರಿ ಕುರ್ಚಿಯನ್ನು ರಸ್ತೆಯ ಆಚೆಗೆ ಹಾಕಿಕೊಂಡು, “ಅದು ತಾನಾಗೇ ಬಾಯಿ ತೆಗೀತದೆ ಸಾರ್, ನಾನು ಹತ್ರ ಹೋಗಲ್ಲ” ಎಂದರು. ತಮ್ಮನ್ನು ತಯಾರಿಸಿದ ಕಂಪನಿಯವರು ಬಂದು ಪರೀಕ್ಷಿಸಿ, ತಮ್ಮ ಆರೋಗ್ಯ ಉತ್ತಮವಾಗಿದೆ ಎಂದು ಬಿಲ್ಲು ಕೊಟ್ಟು ಹೋದರು.

ಆಮೇಲೆ ಆ ಮಧ್ಯಾಹ್ನ ಬಂತು. ಕಾರ್ಯದರ್ಶಿಗಳ ತಾಯಿಗೆ ಉಸಿರು ಕಟ್ಟಿ, ಆಂಬುಲೆನ್ಸ್ ತಮ್ಮೆದುರು ಬಂದು ಕೂಗುತ್ತ ನಿಂತಿತು. ನಾನು ಆಗತಾನೇ ಕಾಲೇಜಿನಿಂದ ಬಂದು ಪಕ್ಕದಲ್ಲೇ ನಿಂತಿದ್ದೆ. ರಸ್ತೆಯಾಚೆಯಿಂದ ಸೆಕ್ಯುರಿಟಿಯವರು, “ಮೇಲಿಂದ ಫೋನಲ್ಲಿ ಓಕೆ ಒತ್ತಬೇಕು, ರೂಲ್ಸು” ಎಂದರು. ಓಕೆ ಒತ್ತಬೇಕಾದ ಕಾರ್ಯದರ್ಶಿಗಳು ಅದೇ ಫೋನಿನಲ್ಲಿ ಅದೇ ಆಂಬುಲೆನ್ಸಿನ ಡ್ರೈವರಿಗೆ “ಎಲ್ಲಿದ್ದೀರಾ? ಇನ್ನೂ ಎಲ್ಲಿದ್ದೀರಾ?” ಎಂದು ಕಿರುಚುತ್ತಿದ್ದರು. ಡ್ರೈವರ್ “ನಿಮ್ಮ ಗೇಟಲ್ಲೇ ಇದೀನಿ ಸ್ವಾಮಿ!” ಎಂದರೂ ಅವರ ಕಿವಿಗೆ ಬೀಳಲಿಲ್ಲ. ಆಗ ತಾವು ಯಾರ ಓಕೆಗೂ ಕಾಯದೆ ಕಿರ್ರೆಂದು ಸರಿದಿರಿ. ಗಾಡಿ ಒಳಗೆ ಹೋಗಿ, ಅಜ್ಜಿಯನ್ನು ಹತ್ತಿಸಿಕೊಂಡು, ತಿರುಗಿ ಹೊರಗೆ ಹೋಗುವವರೆಗೂ ತೆರೆದೇ ಇದ್ದಿರಿ. ನಿಜ ಹೇಳುತ್ತೇನೆ, ನನಗೂ ಕೈ ಮುಗಿಯಬೇಕೆನಿಸಿತು.

ಮನೆಗೆ ಬಂದರೆ ದೊಡ್ಡಮ್ಮ ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದರು. “ಇವತ್ತೂ ಏನೂ ಕೇಳಿಸ್ತಿಲ್ಲ ಕಣೇ. ಹೆಬ್ಬೆರಳು ಮರಗಟ್ಟಿಹೋಯ್ತು” ಎಂದರು. ಹೆಬ್ಬೆರಳು ಯಾಕೆ ಎಂದು ಕೇಳಿದೆ. “ಬಟನ್ ಬಿಡಬೇಡ ಅಂದಿದಾರಲ್ಲ ನಿಮ್ಮ ದೊಡ್ಡಪ್ಪ. ಕೂತಲ್ಲಿಂದ ಏಳೋ ತನಕ ಒತ್ಕೊಂಡೇ ಇರ್ತೀನಿ.” ಮಾನ್ಯರೇ, ಆ ಬಟನ್ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಮಾತ್ರ ಕೇಳಿಸಿಕೊಳ್ಳಬಹುದು. ದೊಡ್ಡಪ್ಪ ಹೇಳಿದ್ದು ಮಾತಾಡುವಾಗ ಬಿಡಬೇಡ ಎಂದು. ದೊಡ್ಡಮ್ಮ ಗಂಡನ ಮಾತನ್ನು ಮೊದಲ ಸಲ ಅಕ್ಷರಶಃ ಪಾಲಿಸಿದ್ದರು. ಬಿಡಿ ಎಂದೆ. ಬಿಟ್ಟರು. ಹೊರಗೆ ತಾವು ಕಿರ್ರೆಂದು ಮುಚ್ಚಿಕೊಂಡ ಸದ್ದಾಯಿತು. ಅದೇ ಗಳಿಗೆಗೆ ಪೆಟ್ಟಿಗೆಯಿಂದ, ಪಾತ್ರೆಗಳೆಲ್ಲ ಅದುರುವಂತೆ, ದೊಡ್ಡಪ್ಪನ ದನಿ: “ಅಡುಗೆಮನೆ! ಇದೀಯೋ, ನಿದ್ದೆ ಹೋದ್ಯೋ?” ದೊಡ್ಡಮ್ಮ ಬೆಚ್ಚಿ ಮತ್ತೆ ಬಟನ್ ಒತ್ತಿದರು, “ಇದೀನ್ರೀ” ಎಂದರು. ತಾವು ಮತ್ತೆ ತೆರೆದುಕೊಂಡಿರಿ.

ಸೆಟ್ಟು ಎಂದೋ ಸರಿಯಾಗಿತ್ತು. ದೊಡ್ಡಮ್ಮ ಬಟನ್ ಒತ್ತಿದಾಗ ಹೊರಡುವ ಅಲೆಯನ್ನು ತೆರೆಯುವ ಸಿಗ್ನಲ್ ಎಂದೇ ತಿಳಿದು, ಮೊದಲ ದಿನದಿಂದಲೂ ಉತ್ತರ ಕೊಡುತ್ತಿದ್ದವರು ತಾವು. ದೊಡ್ಡಪ್ಪ ಸ್ವಂತ ಕೈಯ ಮೇಲಿನ ನಂಬಿಕೆಯನ್ನೇ ಕಳೆದುಕೊಂಡು ಕೂತಿದ್ದಾಗ, ಹಿಂಬದಿಗೆ ಬಂದು ಒಂದು ಮಾತು ಹೇಳಬಹುದಿತ್ತು; ಚಕ್ರವಿರುವವರಿಗೆ ಅದೇನು ದೂರ? ಇದನ್ನು ದೂರು ಎಂದು ದಯವಿಟ್ಟು ತಿಳಿಯಬೇಡಿ. ಇಡೀ ಊರಿನಲ್ಲಿ ಆಂಬುಲೆನ್ಸಿನ ವೈರ್‌ಲೆಸ್ಸಿಗೆ ಮರ್ಯಾದೆ ಕೊಟ್ಟು ದಾರಿ ಬಿಡುವವರು ತಾವೊಬ್ಬರೇ ಎಂಬುದನ್ನು ದೊಡ್ಡಪ್ಪ ಕೂಡ ಒಪ್ಪುತ್ತಾರೆ.

ಫಲಕದ ದಿನದ ಆ ಸಭೆಯಲ್ಲಿ ನಾವು ಇದನ್ನೆಲ್ಲ ಹೇಳಿದೆವು. ಕಾರ್ಯದರ್ಶಿಗಳು ಶಾಂತವಾಗಿ ಕೇಳಿ, ನಾಯಿ ಬಂದ ದಿನ ಗೇಟನ್ನು ತೆರೆದದ್ದು ವೈರ್‌ಲೆಸ್, ತಾಯಿಯವರನ್ನು ಕರೆದೊಯ್ದ ದಿನ ತೆರೆದದ್ದು ಗೇಟಿನ ಒಳ್ಳೆಯತನ ಎಂದು ತೀರ್ಮಾನಿಸಿ, ಅಲ್ಲೇ ಆ ನೋಟೀಸು ಬರೆದರು. ತಮ್ಮ ಕಿವಿಯ, ಅಂದರೆ ಸಿಗ್ನಲ್ ಹಿಡಿಯುವ ಪೆಟ್ಟಿಗೆಯ, ಮೇಲೆ ಒಂದು ತಗಡಿನ ಮುಚ್ಚಳ ಹಾಕಿದರೆ ಇನ್ನು ಮುಂದೆ ಏನೂ ಆಗದು, ನಾನೇ ಮಾಡಿಕೊಡುತ್ತೇನೆ ಎಂದು ದೊಡ್ಡಪ್ಪ ಹೇಳಿದರು. “ಫಲಕ ತಗೊಂಡ ಗೇಟಿಗೆ ತಗಡು ಹೊಡೀತೀರಾ?” ಎಂದು ಯಾರೋ ನಕ್ಕರು. ದೊಡ್ಡಪ್ಪ ನಗಲಿಲ್ಲ.

ಭಾನುವಾರ ದೊಡ್ಡಪ್ಪ ಎಲ್ಲರನ್ನೂ ತಮ್ಮೆದುರು ನಿಲ್ಲಿಸಿ, ಶೆಡ್ಡಿನಿಂದ ಹೇಳಿ ಅಡುಗೆಮನೆಯಲ್ಲಿ ದೊಡ್ಡಮ್ಮನ ಕೈಯಲ್ಲಿ ಬಟನ್ ಒತ್ತಿಸಿ ತೋರಿಸುತ್ತಾರಂತೆ. “ಬೇಡ ಕಣ್ರೀ, ತೆರೆದ್ರೆ ಎಲ್ಲಾ ನಾಯಿನೂ ನಮ್ಮ ತಲೆಗೇ ಕಟ್ತಾರೆ” ಎನ್ನುತ್ತಾರೆ ದೊಡ್ಡಮ್ಮ. “ಕಟ್ಲಿ. ಆಗ ಆ ಅಜ್ಜಿ ಉಳಿದಿದ್ನೂ ನಮ್ಮ ತಲೆಗೇ ಕಟ್ಟಬೇಕಾಗುತ್ತಲ್ಲ” ಎನ್ನುತ್ತಾರೆ ದೊಡ್ಡಪ್ಪ. ನನಗೋ ಬೇರೆಯದೇ ಹೆದರಿಕೆ. ಲ್ಯಾಬ್‌ನಲ್ಲಿ ನಾನು ಮಾಡಿದ ಸರ್ಕ್ಯೂಟುಗಳೆಲ್ಲ ಒಬ್ಬಳೇ ಇದ್ದಾಗ ಉರಿದು, ಮೇಡಂ ಬಂದ ತಕ್ಷಣ ಆರಿಹೋಗುತ್ತವೆ. ತಾವೂ ಅದೇ ಜಾತಿಯ ಯಂತ್ರ. ಆದ್ದರಿಂದ ನನ್ನ ಬೇಡಿಕೆಗಳು ಇಷ್ಟು: ಫಲಕದ ಅರ್ಧವನ್ನು ಕತ್ತರಿಸಿ ದೊಡ್ಡಮ್ಮನ ಹೆಬ್ಬೆರಳಿಗೆ ಕೊಡಿ, ನಾಯಿಯ ಬಗ್ಗೆ ತಪ್ಪೊಪ್ಪಿಗೆ ಬರೆದುಕೊಡಿ, ಸಭೆಗೆ ಖುದ್ದಾಗಿ ನಡೆದು ಬಂದು ಸಾಕ್ಷಿ ಹೇಳಿ. ಇದ್ಯಾವುದೂ ಆಗದಿದ್ದರೆ, ಭಾನುವಾರ ಒಂದೇ ಒಂದು ಸಲ, ಎಲ್ಲರೂ ನೋಡುತ್ತಿರುವಾಗ, ತೆರೆಯಿರಿ. ಸಾಕು.

ತೆರೆಯುತ್ತೀರೋ ಇಲ್ಲವೋ, ದಯವಿಟ್ಟು ಬೇಗ ಉತ್ತರಿಸಿ.

ಭಾನುವಾರದವರೆಗಂತೂ ತಮ್ಮ ವಿಶ್ವಾಸಿ,
ಶೆಡ್ಡಿನವರ ಮನೆ ಹುಡುಗಿ

ಮರೆತ ಮಾತು: ಈ ಪತ್ರದ ಪ್ರತಿಯನ್ನು ಕಾರ್ಯದರ್ಶಿಗಳಿಗೆ ಕೊಡುವಷ್ಟು ಧೈರ್ಯ ನನಗಿಲ್ಲ. ಆಸ್ಪತ್ರೆಯಿಂದ ಮರಳಿರುವ ಅವರ ತಾಯಿಗೆ ಕೊಟ್ಟು ಬಂದಿದ್ದೇನೆ. ಕನ್ನಡಕ ಹಾಕಿಕೊಂಡು ಅರ್ಧ ಓದಿ, ಮಗನನ್ನು ಕರೆಯಲು ಹೇಳಿದರು.