ಮಂಡಕ್ಕಿ ಚೀಲದಲ್ಲಿ ಉಸಿರಾಟ

೧೯೯೭ರ ಒಂದು ಶನಿವಾರ, ಬೆಳಗಿನ ಏಳು ಗಂಟೆ, ಕೊಟ್ಟೂರಿನ ನಮ್ಮ ಮನೆ. ಹಾಜರಿದ್ದವರು ನಾನು ಮತ್ತು ನನ್ನ ಹೆಂಡತಿ ಗೌರಮ್ಮ. ಶಾಲೆಯಲ್ಲಿ ಡ್ರಿಲ್ ಹೇಳಿಕೊಟ್ಟವನಿಗೆ ಪಿಂಚಣಿ ಬಂದರೂ ಶಿಸ್ತು ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಚಪ್ಪಲಿಗಳೂ ಸಾವಧಾನದಲ್ಲೇ ನಿಂತಿರುತ್ತವೆ. ಅಂಥ ನನ್ನ ಬಲಗಣ್ಣಿನ ಮೇಲರ್ಧಕ್ಕೆ, ಒಂದು ಮಾತೂ ಹೇಳದೆ, ಕಪ್ಪು ಪರದೆ ಇಳಿಯಿತು. ನೋವಿಲ್ಲ, ಉರಿಯಿಲ್ಲ. ಕನ್ನಡಕ ಕೊಳೆಯಾಗಿದೆಯೆಂದು ವಿಭೂತಿ ಹಚ್ಚಿ ತಿಕ್ಕಿದೆ. ಗಾಜು ಥಳಥಳಿಸಿತು, ಪರದೆ ಕದಲಲಿಲ್ಲ. ಗೌರಮ್ಮ ಕನ್ನಡಕ ಕಸಿದು ತಾನೇ ಹಾಕಿಕೊಂಡು ಹೊರಗೆ ನೋಡಿದಳು.

"ನನಗ ಅಷ್ಟು ದೂರದ ಗುಡೇಕೋಟಿ ತನಕ ಕಾಣಾಕ ಹತ್ತೈತಿ. ಕೆಟ್ಟಿದ್ದು ನಿಮ್ಮ ಕಣ್ಣು, ಏಳ್ರಿ!"

ಪುಣ್ಯಕ್ಕೆ ಅಂದು ಊರಿನ ಕಲ್ಯಾಣ ಮಂಟಪದಲ್ಲಿ ಕಣ್ಣಿನ ಶಿಬಿರ. ಪೊರೆ ತೋರಿಸಲು ಬಂದವರ ಸಾಲು ಬೀದಿಗಿಳಿದಿತ್ತು. ನಾನು ಹೋಗಿ ತುದಿಯಲ್ಲಿ ನಿಂತೆ. ನಿಂತವನು ಸುಮ್ಮನಿರದೆ ಮುಂದಿನವರ ಸಾಲನ್ನೂ ನೆಟ್ಟಗೆ ಮಾಡಿದೆ. ಕೋಗಳಿಯ ಅಜ್ಜನೊಬ್ಬ, "ಮಾಸ್ತರ ಕಣ್ಣು ಹೋದ್ರೂ ಡ್ರಿಲ್ಲು ಹೋಗ್ಲಿಲ್ಲ ನೋಡ್ರಪಾ" ಎಂದ. ಅಷ್ಟರಲ್ಲಿ ಜೊತೆಗೆ ಬಂದಿದ್ದ ಗೌರಮ್ಮ ಒಳಗೆ ನುಗ್ಗಿ ಶಿಬಿರದ ಡಾಕ್ಟರಮ್ಮನನ್ನೇ ಕರೆತಂದಳು.

"ಒಮ್ಮಿಗೇ ಕತ್ತಲಾತೇನ್ರಿ?" ಎಂದು ಕೇಳಿದರು ಡಾಕ್ಟರಮ್ಮ.

"ಹೌದ್ರಿ. ಆದ್ರ ನನ್ನ ಪಾಳಿ ಇನ್ನೂ ಬಂದಿಲ್ಲ."

"ಪಾಳಿ ಬರೋದ್ರಾಗ ಕಣ್ಣು ಪೂರಾ ಹೋಗ್ತೈತಿ. ಬರ್ರಿ ಒಳಗ!"

ಹನಿ ಹಾಕಿ, ಬೆಳಕು ಬಿಟ್ಟು ನೋಡಿದರು. ಕಣ್ಣಿನ ಹಿಂಪರದೆಗೆ ರಕ್ತ ಒಯ್ಯುವ ಕೂದಲೆಳೆಯಂಥ ನಾಳದಲ್ಲಿ ಏನೋ ಸಿಕ್ಕಿಕೊಂಡಿದೆ, ಅದರಾಚೆಯ ಭಾಗ ಬಿಳಿಚಿಕೊಂಡಿದೆ ಎಂದರು. ಸಿಕ್ಕಿದ್ದು ಮುಂದೆ ಸರಿಯಲೆಂದು ರೆಪ್ಪೆಯ ಮೇಲೆ ಬೆರಳಿಟ್ಟು ಒತ್ತುವರು, ತಟ್ಟನೆ ಬಿಡುವರು. ನನಗೆ ತಡೆಯಲಾಗಲಿಲ್ಲ, "ಏಕ್... ದೋ..." ಎಂದೆ.

"ಬಾಯಿ ಮುಚ್ರಿ ಮಾಸ್ತರ!"

ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಂಡರೆ ನಾಳ ಹಿಗ್ಗಬಹುದಂತೆ. ಅದಕ್ಕೊಂದು ಕಾಗದದ ಚೀಲ ಬೇಕು. ಗೌರಮ್ಮ ಎದುರಂಗಡಿಯಿಂದ ಖಾರದ ಮಂಡಕ್ಕಿ ತಂದು, ಮಂಡಕ್ಕಿಯನ್ನು ಸೆರಗಿಗೆ ಸುರಿದುಕೊಂಡು, ಚೀಲವನ್ನು ನನ್ನ ಮೂತಿಗೆ ಹಿಡಿದಳು. ನಾಲ್ಕು ಉಸಿರಿಗೆ ಖಾರ ಮೂಗಿಗೇರಿತು. ಸೀನಿದ ರಭಸಕ್ಕೆ ಚೀಲ ಪಟ್ಟೆಂದು ಒಡೆದು ಹೊರಗಿನ ಸಾಲೆಲ್ಲ ಬೆಚ್ಚಿತು. ಕಣ್ಣು ಬಿಟ್ಟರೆ ಪರದೆ ಮೇಲೇಳುತ್ತಿದೆ! ಮೊದಲು ಡಾಕ್ಟರಮ್ಮನ ಹಣೆ, ಕೊಂಚ ಹೊತ್ತಿಗೆ ಬೈತಲೆ, ಆಮೇಲೆ ಗಿರಗಿರನೆ ತಿರುಗುವ ಫ್ಯಾನು!

"ಸೀನಿದ್ದಕ್ಕ ಬಂತೇನ್ರಿ?" ಎಂದಳು ಗೌರಮ್ಮ, ಮಂಡಕ್ಕಿ ಮುಕ್ಕುತ್ತ.

"ಯಾತಕ್ಕ ಬಂತೋ ನನಗೂ ಗೊತ್ತಿಲ್ಲವ್ವ. ಭಾಳ ಮಂದಿಗೆ ಬರಂಗಿಲ್ಲ. ಬಿಪಿ ಏರೈತಿ, ಇವತ್ತೇ ದಾವಣಗೆರಿಗೆ ಹೋಗಿ ಎದಿ, ಕುತ್ತಿಗಿ ನಾಳ ತೋರಿಸ್ರಿ. ಉಪ್ಪು ಬಂದ್!"

ಹೋದೆವು, ತೋರಿಸಿದೆವು, ಗುಳಿಗೆ ತಂದೆವು. ಸಂಜೆ ಮನೆಗೆ ಬಂದ ಗೌರಮ್ಮ ಸೀರೆಯನ್ನೂ ಬದಲಿಸದೆ ದಿನದ ಕೊನೆಯ ಕೆಲಸ ಮುಗಿಸಿದಳು: ಮಾವಿನ ಉಪ್ಪಿನಕಾಯಿಯ ಗಾಜಿನ ಜಾಡಿ ಇಳಿಸಿ ಪಕ್ಕದ ಮನೆಗೆ ಕೊಟ್ಟುಬಂದಳು. ಜಾಡಿ ಹೊಸ್ತಿಲು ದಾಟುವವರೆಗೂ ಹೋಳು, ಸಾಸಿವೆ, ಮೇಲೆ ನಿಂತ ಎಣ್ಣೆ, ಎಲ್ಲವೂ ಬಲಗಣ್ಣಿಗೆ ಎಷ್ಟು ಸ್ಪಷ್ಟವಾಗಿ ಕಂಡವೆಂದರೆ, ಎರಡೂ ಕಣ್ಣನ್ನು ನಾನೇ ಮುಚ್ಚಿಕೊಂಡೆ.